ಸೇತುವೆಗಳಿಗೂ ವಯಸ್ಸಾಗುತ್ತದೆ

ಮಕ್ಕಳೇ, ಜರ್ಮನಿಯ ಆಟೋಬಾನ್‌ನಲ್ಲಿ ಹೋಗುವಾಗ ಹಳದಿ ಗೆರೆ ಎಳೆದ ಇಕ್ಕಟ್ಟಾದ ದಾರಿ, ದೊಡ್ಡ ದೊಡ್ಡ ಕ್ರೇನುಗಳು, ಮೈಲುದ್ದ ನಿಂತ ಕಾರುಗಳ ಸಾಲು ಇವನ್ನೆಲ್ಲ ನೀವು ನೋಡಿಯೇ ಇರುತ್ತೀರಿ. ಕಣ್ಣಿಗೆ ಗಟ್ಟಿಯಾಗಿ ಕಾಣುವ ಸೇತುವೆಯನ್ನು ಯಾಕೆ ಒಡೆಯುತ್ತಾರೆ? ಒಡೆಯುವುದೇ ಆದರೆ ಎಲ್ಲವನ್ನೂ ಒಮ್ಮೆಗೇ ಯಾಕೆ ಮುಗಿಸುವುದಿಲ್ಲ? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕೋಣ.

ಸೇತುವೆ ಮುಪ್ಪಾಗುವುದು ಹೇಗೆ?

ಜರ್ಮನಿಯ ಆಟೋಬಾನ್ ಮತ್ತು ಕೇಂದ್ರ ಹೆದ್ದಾರಿಗಳಲ್ಲಿ ಸುಮಾರು 40,000 ಸೇತುವೆಗಳಿವೆ. ದೇಶದ ಪಶ್ಚಿಮ ಭಾಗದಲ್ಲಿರುವ ಬಹಳಷ್ಟು ಸೇತುವೆಗಳು 1965ರಿಂದ 1985ರ ನಡುವೆ ಕಟ್ಟಿದವು. ಅವುಗಳಿಗೆ ಮುಖ್ಯವಾಗಿ ಇಬ್ಬರು ಶತ್ರುಗಳು.

ಮೊದಲನೆಯದು ಉಪ್ಪು. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಹಾಕುತ್ತಾರೆ. ಉಪ್ಪುನೀರು ಸಣ್ಣ ಬಿರುಕುಗಳಿಂದ ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣದ ಸರಳುಗಳನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣಕ್ಕೆ ಮೊದಲಿಗಿಂತ ಹೆಚ್ಚು ಜಾಗ ಬೇಕು. ಅದು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಬಿರುಕು ದೊಡ್ಡದಾದಷ್ಟೂ ಒಳಗಿಳಿಯುವ ನೀರು ಹೆಚ್ಚು.

ಎರಡನೆಯದು ಭಾರ. ಇಂದಿನ ದೊಡ್ಡ ಲಾರಿ 40 ಟನ್ ತೂಗಬಹುದು. ಅಷ್ಟು ಭಾರದ ಇಷ್ಟೊಂದು ಲಾರಿಗಳು ಓಡಾಡುತ್ತವೆಂದು ಆ ಸೇತುವೆಗಳ ನಕ್ಷೆ ಬರೆದವರು ಎಣಿಸಿರಲಿಲ್ಲ. ಒಂದು ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಕೊನೆಗೆ ತುಂಡಾಗುತ್ತದಲ್ಲವೇ? ಉಕ್ಕೂ ಹಾಗೆಯೇ ದಣಿಯುತ್ತದೆ. ಬೆಸುಗೆ ಹಾಕಿದ ಉಕ್ಕಿನ ಭಾಗಗಳಿಗೆ ಎಂಜಿನಿಯರುಗಳು ಬಳಸುವ ಒಂದು ಲೆಕ್ಕದ ಪ್ರಕಾರ, ಭಾರ ಎರಡರಷ್ಟಾದರೆ ದಣಿವು 2 × 2 × 2, ಅಂದರೆ ಎಂಟರಷ್ಟಾಗುತ್ತದೆ. ಸೇತುವೆಯನ್ನು ದಣಿಸುವುದು ನಮ್ಮ ಪುಟ್ಟ ಕಾರಲ್ಲ, ಲಾರಿ.

ವೈದ್ಯರ ಹಾಗೆ ತಪಾಸಣೆ

ಜರ್ಮನಿಯಲ್ಲಿ 6 ವರ್ಷಕ್ಕೊಮ್ಮೆ ಪ್ರತಿ ಸೇತುವೆಗೂ ದೊಡ್ಡ ತಪಾಸಣೆ ನಡೆಯುತ್ತದೆ. ಎಂಜಿನಿಯರುಗಳು ಕೈಗೆಟುಕುವಷ್ಟು ಹತ್ತಿರ ಹೋಗಿ, ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬರುತ್ತದೆಯೇ ಎಂದು ಕೇಳುತ್ತಾರೆ. ಅದಾಗಿ 3 ವರ್ಷಕ್ಕೆ ಇನ್ನೊಂದು ಸರಳ ತಪಾಸಣೆ. ಕೊನೆಗೆ ಅಂಕ ಕೊಡುತ್ತಾರೆ. 1.0 ಅತ್ಯುತ್ತಮ, 4.0 ಅತಿ ಕಳಪೆ. ಇಲ್ಲಿನ ಶಾಲೆಯ ಹಾಗೆ ಅಂಕ ಕಡಿಮೆಯಾದಷ್ಟೂ ಒಳ್ಳೆಯದು!

ಆದರೆ ಈ ಅಂಕವೊಂದೇ ಸಾಲದು. ‘ಸೇತುವೆಗೆ ಗಾಯವಾಗಿದೆಯೇ?’ ಎಂಬುದು ಒಂದು ಪ್ರಶ್ನೆ. ‘ಇಂದಿನ ಭಾರ ಹೊರುವ ಶಕ್ತಿ ಇದೆಯೇ?’ ಎಂಬುದು ಇನ್ನೊಂದು. ಗಾಯವೇ ಇಲ್ಲದ ಸೇತುವೆಗೂ ಶಕ್ತಿ ಸಾಲದೆ ಹೋಗಬಹುದು. ಹಾಗಾಗಿ ಹಳೆಯ ಸೇತುವೆಗಳ ಲೆಕ್ಕವನ್ನು ಹೊಸದಾಗಿ ಮಾಡಿ ನೋಡುತ್ತಾರೆ.

ಲ್ಯೂಡೆನ್‌ಷೈಡ್ ಕಲಿಸಿದ ಪಾಠ

ಎ-45 ಆಟೋಬಾನ್‌ನಲ್ಲಿ ಲ್ಯೂಡೆನ್‌ಷೈಡ್ ಊರಿನ ಬಳಿ ರಾಮೇಡೆ ಕಣಿವೆಯ ಸೇತುವೆ ಇತ್ತು. 453 ಮೀಟರ್ ಉದ್ದದ ಇದನ್ನು 1960ರ ದಶಕದಲ್ಲಿ ಕಟ್ಟಿದ್ದರು. ಇದನ್ನು ಬದಲಿಸಬೇಕೆಂಬುದು ಮೊದಲೇ ಗೊತ್ತಿದ್ದರೂ ಕೆಲಸ ಮುಂದಕ್ಕೆ ಹೋಗುತ್ತಲೇ ಇತ್ತು. 2021ರ ಡಿಸೆಂಬರ್ 2ರಂದು, ಉಕ್ಕಿನ ಭಾಗಗಳು ಉಬ್ಬಿ ಸೊಟ್ಟಗಾಗಿರುವುದು ಕಂಡು, ಸೇತುವೆಯನ್ನು ಒಮ್ಮೆಲೇ ಮುಚ್ಚಬೇಕಾಯಿತು. 2023ರ ಮೇ 7ರಂದು ಸ್ಫೋಟಿಸಿ ಕೆಡವಿದರು. ಈ ನಡುವೆ ಸಾವಿರಾರು ಲಾರಿಗಳು ಊರಿನೊಳಗೇ ನುಗ್ಗಿದವು. ಮನೆಯವರಿಗೆ ನಿದ್ದೆಯಿಲ್ಲ, ಅಂಗಡಿಯವರಿಗೆ ವ್ಯಾಪಾರವಿಲ್ಲ, ಕಾರ್ಖಾನೆಗಳಿಗೆ ಸಾಮಾನು ಹೊತ್ತಿಗೆ ಬರಲಿಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಎಂಬ ನಮ್ಮ ಗಾದೆ ಇಂಥದ್ದಕ್ಕೇ ಹುಟ್ಟಿದ್ದು.

ಇಟಲಿಯ ಜಿನೋವಾದಲ್ಲಿ ಇನ್ನೂ ಘೋರವಾದದ್ದು ನಡೆಯಿತು. 1967ರಲ್ಲಿ ತೆರೆದ ಮೊರಾಂಡಿ ಸೇತುವೆ 2018ರ ಆಗಸ್ಟ್ 14ರಂದು ಕುಸಿದು 43 ಜನ ಸತ್ತರು. ಲ್ಯೂಡೆನ್‌ಷೈಡ್‌ನಲ್ಲಿ ಊರಿಗೆ ಕಷ್ಟವಾಯಿತು, ಆದರೆ ಹೊತ್ತಿಗೆ ಸರಿಯಾಗಿ ಮುಚ್ಚಿದ್ದರಿಂದ ಸೇತುವೆ ಯಾರ ಮೇಲೂ ಬೀಳಲಿಲ್ಲ. ಈ ವ್ಯತ್ಯಾಸವನ್ನು ಮರೆಯಬೇಡಿ.

ಯಾವುದು ಮೊದಲು?

ಎಲ್ಲ ಸೇತುವೆಗಳನ್ನೂ ಒಟ್ಟಿಗೆ ಮುಚ್ಚಿದರೆ ದೇಶವೇ ನಿಂತುಹೋಗುತ್ತದೆ. ಹಣ, ಕೆಲಸಗಾರರು, ಎಂಜಿನಿಯರುಗಳು ಎಲ್ಲಕ್ಕೂ ಮಿತಿಯಿದೆ. ಆದ್ದರಿಂದ ಸರದಿ ಹಾಕಬೇಕು. ಇಲ್ಲಿ ನಾವೇ ಕಲ್ಪಿಸಿಕೊಂಡ ಮೂರು ಸೇತುವೆಗಳಿವೆ.

ಸೇತುವೆ ಅ: ಅಂಕ 3.2. ದಿನಕ್ಕೆ 5,000 ವಾಹನಗಳು. ಮುಚ್ಚಿದರೆ 4 ಕಿ.ಮೀ. ಸುತ್ತು.
ಸೇತುವೆ ಬ: ಅಂಕ 2.7, ಆದರೆ ಭಾರ ಹೊರುವ ಶಕ್ತಿ ಸಾಲದು. ದಿನಕ್ಕೆ 60,000 ವಾಹನಗಳು. ಮುಚ್ಚಿದರೆ 25 ಕಿ.ಮೀ. ಸುತ್ತು.
ಸೇತುವೆ ಕ: ಅಂಕ 2.8. ಬ ಮುಚ್ಚಿದರೆ ವಾಹನಗಳು ಸುತ್ತಿ ಬರುವ ದಾರಿಯಲ್ಲೇ ಇದೆ.

ಮುಂದೆ ಓದುವ ಮೊದಲು ನಿಮ್ಮ ಸರದಿಯನ್ನು ಒಂದು ಹಾಳೆಯಲ್ಲಿ ಬರೆಯಿರಿ.

ಈಗ ಲೆಕ್ಕ ಮಾಡೋಣ. ಅ ಮುಚ್ಚಿದರೆ ದಿನಕ್ಕೆ 5,000 × 4 = 20,000 ಕಿ.ಮೀ. ಹೆಚ್ಚು ಓಡಾಟ. ಬ ಮುಚ್ಚಿದರೆ 60,000 × 25 = 15,00,000 ಕಿ.ಮೀ. ಅಂದರೆ 75 ಪಟ್ಟು! ಹಾಗಾದರೆ ದೊಡ್ಡ ಕೆಲಸದಲ್ಲಿ ಬ ಮೊದಲೇ? ಅಷ್ಟು ಬೇಗ ಬೇಡ. ಬ ಮೇಲಿನ ಲಾರಿಗಳೆಲ್ಲ ಕ ಕಡೆಗೆ ತಿರುಗಿದರೆ ಕ ತಡೆಯುತ್ತದೆಯೇ? ಆದ್ದರಿಂದ ಮೊದಲು ಕ ಗಟ್ಟಿಮಾಡಬೇಕು, ಆಮೇಲೆ ಬ. ಹಾಗೆಂದು ಗಾಯಗೊಂಡ ಅ ಸೇತುವೆಯನ್ನು ಬಿಟ್ಟುಬಿಡುವಂತಿಲ್ಲ. ಅದಕ್ಕೆ ಇವತ್ತೇ ಲಾರಿಗಳನ್ನು ತಡೆದು, ಕೆಳಗಿನಿಂದ ಆಸರೆ ಕೊಟ್ಟು, ಪದೇ ಪದೇ ತಪಾಸಣೆ ಮಾಡಬೇಕು. ಓಡಾಟದ ಅನುಕೂಲವನ್ನು ತೂಗಿ ನೋಡಬಹುದು, ಪ್ರಾಣವನ್ನು ತೂಗುವಂತಿಲ್ಲ.

ಎಷ್ಟೋ ಕಡೆ ಪೂರ್ತಿ ಮುಚ್ಚುವುದನ್ನು ತಪ್ಪಿಸಲೂ ಉಪಾಯವಿದೆ. ಹೋಗುವ ದಾರಿಗೊಂದು, ಬರುವ ದಾರಿಗೊಂದು ಸೇತುವೆ ಇದ್ದರೆ, ಎಲ್ಲ ವಾಹನಗಳನ್ನೂ ಒಂದಕ್ಕೆ ತಿರುಗಿಸಿ ಇನ್ನೊಂದನ್ನು ಕಟ್ಟುತ್ತಾರೆ. ಆ ಹಳದಿ ಗೆರೆಗಳ ಗುಟ್ಟು ಇದೇ. ಆದರೆ ಉಳಿದ ಅರ್ಧಕ್ಕೆ ಆ ಭಾರ ಹೊರುವ ಶಕ್ತಿ ಇರುವಾಗಲೇ ಈ ಕೆಲಸ ಶುರುವಾಗಬೇಕು. ತಡವಾದರೆ ಈ ದಾರಿಯೂ ಮುಚ್ಚಿಹೋಗುತ್ತದೆ.

ನೀವೇ ಯೋಚಿಸಿ

1. ಬ ಸೇತುವೆಯಲ್ಲಿ ಕಾರುಗಳನ್ನು ಬಿಟ್ಟು ಲಾರಿಗಳನ್ನು ಮಾತ್ರ ತಡೆದರೆ ಯಾರಿಗೆ ಲಾಭ, ಯಾರಿಗೆ ತೊಂದರೆ?
2. ಒಂದೇ ಹೆದ್ದಾರಿಯಲ್ಲಿ ಸಾಲಾಗಿರುವ ಎರಡು ಸೇತುವೆಗಳನ್ನು ಒಟ್ಟಿಗೆ ದುರಸ್ತಿ ಮಾಡುವುದು ಒಳ್ಳೆಯದೇ, ಒಂದಾದ ಮೇಲೊಂದೇ?
3. ನಿಮ್ಮ ಮನೆಯ ಹತ್ತಿರದ ಸೇತುವೆ ಮುಚ್ಚಿದರೆ ಶಾಲೆಗೆ ಎಷ್ಟು ಕಿ.ಮೀ. ಸುತ್ತಾಗುತ್ತದೆ? ಭೂಪಟ ನೋಡಿ ಅಳೆಯಿರಿ.

ಪೋಷಕರಲ್ಲಿ ಒಂದು ಮಾತು: ಮುಂದಿನ ಸಲ ವಾಹನಸಾಲಿನಲ್ಲಿ ಸಿಕ್ಕಿಕೊಂಡಾಗ ಮೂರನೆಯ ಲೆಕ್ಕವನ್ನು ಮಕ್ಕಳ ಜೊತೆ ನೀವೂ ಮಾಡಿ. ಹೊತ್ತು ಹೋಗುತ್ತದೆ, ಕಾಯುವುದು ಯಾಕೆಂದೂ ತಿಳಿಯುತ್ತದೆ.