ಚಿನ್ನದ ಗಣಿಯೊಳಗಿನ ಯಂತ್ರ



ಬಾವಿ ತೋಡುವ ಮೊದಲು ತಾವು ನೆಲವನ್ನು ನೋಡುತ್ತೀರಿ. ಕಲ್ಲು ನೆಲಕ್ಕೆ ಒಂದು ಬಗೆಯ ಬಾವಿ, ಮರಳು ನೆಲಕ್ಕೆ ಇನ್ನೊಂದು ಬಗೆ. ವಿಜ್ಞಾನಿಗಳ ದೊಡ್ಡ ಯಂತ್ರಗಳೂ ಹೀಗೆಯೇ. ನಿಂತ ಜಾಗಕ್ಕೆ ತಕ್ಕಂತೆ ರೂಪು ತಾಳುತ್ತವೆ. ಆ ಜಾಗ ಕೆಟ್ಟರೆ ಅವುಗಳ ಬಾಳೂ ಮುಗಿಯುತ್ತದೆ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ನಡೆದದ್ದು ಇದೇ.

ಆಕಾಶದಿಂದ ಹಗಲಿರುಳೂ ಕಣ್ಣಿಗೆ ಕಾಣದ ಕಣಗಳು ಭೂಮಿಯ ಮೇಲೆ ಸುರಿಯುತ್ತಿರುತ್ತವೆ. ಇವಕ್ಕೆ ವಿಶ್ವಕಿರಣಗಳೆಂದು ಹೆಸರು. ಅಂಗೈ ಚಾಚಿ ನಿಂತರೆ ನಿಮಿಷಕ್ಕೆ ನೂರರಷ್ಟು ಕಣಗಳು ಅದನ್ನು ತೂರಿಹೋಗುತ್ತವೆ. ನೋವೂ ಇಲ್ಲ, ಗುರುತೂ ಇಲ್ಲ. ಇವು ಗಾಳಿಗೆ ಬಡಿದಾಗ ನ್ಯೂಟ್ರಿನೊ ಎಂಬ ಕಣಗಳೂ ಹುಟ್ಟುತ್ತವೆ. ನ್ಯೂಟ್ರಿನೊ ಇಡೀ ಭೂಮಿಯನ್ನೇ ತೂರಿ ಆಚೆ ಹೋಗಬಲ್ಲುದು. ಅಪರೂಪಕ್ಕೆ ಒಂದು ಮಾತ್ರ ಕಲ್ಲಿಗೆ ತಗುಲಿ ಬೇರೊಂದು ಕಣವನ್ನು ಎಬ್ಬಿಸುತ್ತದೆ. ಅದನ್ನು ಹಿಡಿಯುವುದು ಹೇಗೆ? ಜಡಿಮಳೆಯಲ್ಲಿ ನಿಂತವನಿಗೆ ಎಲೆಯಿಂದ ಉದುರಿದ ಒಂದು ಹನಿ ಗೊತ್ತಾದೀತೇ? ಮೊದಲು ಮಳೆ ತಪ್ಪಿಸುವ ಸೂರು ಬೇಕು.

ಅಂಥ ಸೂರು ಕೋಲಾರದಲ್ಲಿ ಸಿದ್ಧವಾಗಿತ್ತು. ಚಿನ್ನದ ಆಸೆಗೆ ಅಲ್ಲಿ ಮೂರು ಕಿಲೋಮೀಟರಿಗೂ ಆಳ ತೋಡಿದ್ದರು. ಮುಂಬಯಿಯ ಟಾಟಾ ಸಂಶೋಧನ ಸಂಸ್ಥೆಯವರು 1950ರ ದಶಕದಿಂದಲೇ ಅಲ್ಲಿ ಇಳಿದು ಕಣಗಳನ್ನು ಎಣಿಸುತ್ತಿದ್ದರು. ಇಳಿದಷ್ಟೂ ಎಣಿಕೆ ಕಡಿಮೆ. 2,760 ಮೀಟರ್ ಆಳದಲ್ಲಿ ಎರಡು ತಿಂಗಳು ಕಾದರೂ ಒಂದೇ ಒಂದು ಕಣ ಸಿಕ್ಕಲಿಲ್ಲ. ಬೇರೆಯವರಾಗಿದ್ದರೆ ಬರಡು ಹೊಲವೆಂದು ಬಿಟ್ಟುಬರುತ್ತಿದ್ದರು. ಇವರು ನ್ಯೂಟ್ರಿನೊ ಹುಡುಕಲು ಇದೇ ತಕ್ಕ ಜಾಗವೆಂದು ತಿಳಿದರು.

ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿದ್ಯಾಲಯದವರೂ ಜೊತೆಗೂಡಿದರು. ಸುಮಾರು 2,300 ಮೀಟರ್ ಆಳದಲ್ಲಿ ಯಂತ್ರ ಹೂಡಿದರು. ಬಂಡೆಯನ್ನು ದಾಟಿ ಮೇಲಿನಿಂದ ಬರುವ ಅಳಿದುಳಿದ ಕಣಗಳು ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತವೆ. ನ್ಯೂಟ್ರಿನೊ ಎಬ್ಬಿಸಿದ ಕಣವಾದರೋ ಅಡ್ಡಡ್ಡವಾಗಿಯೂ ಬರಬಲ್ಲುದು. ಆದುದರಿಂದ ಕಣ ತಾಗಿದರೆ ಮಿನುಗುವ ಪ್ಲಾಸ್ಟಿಕ್ ಹಲಗೆಗಳನ್ನು ಚಪ್ಪರದಂತೆ ಹಾಸದೆ, ಎದುರುಬದುರು ಎರಡು ಗೋಡೆಗಳಂತೆ ನಿಲ್ಲಿಸಿದರು. ಈ ಉಪಾಯವೇ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು. 1965ರಲ್ಲಿ ಫಲ ದೊರೆಯಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಗುರುತು ಜಗತ್ತಿನಲ್ಲಿ ಮೊದಲು ಕಂಡದ್ದು ಆ ವರ್ಷ: ಇಲ್ಲಿ, ಮತ್ತು ದಕ್ಷಿಣ ಆಫ್ರಿಕದ ಒಂದು ಗಣಿಯಲ್ಲಿ. ಅದೂ ಚಿನ್ನದ ಗಣಿಯೇ!

ಮುಂದೆ 1980ರಲ್ಲಿ 140 ಟನ್ನಿನ ಇನ್ನೊಂದು ಯಂತ್ರ ಅದೇ ಆಳದಲ್ಲಿ ಕೆಲಸ ತೊಡಗಿತು. ಎಲ್ಲ ವಸ್ತುಗಳಲ್ಲಿಯೂ ಇರುವ ಪ್ರೋಟಾನ್ ಎಂಬ ಕಣ ಎಂದಾದರೂ ತಾನಾಗಿ ಒಡೆಯುವುದೇ ಎಂದು ನೋಡುವುದು ಅದರ ಕೆಲಸ. ಇದಕ್ಕೆ ಬಹಳ ತೂಕದ ವಸ್ತು ಕಣ್ಗಾವಲಿನಲ್ಲಿರಬೇಕು. ಸುರಂಗದಲ್ಲಿ ಜಾಗವೋ ಕಿರಿದು. ನೀರಿಗಿಂತ ಸುಮಾರು ಎಂಟು ಪಟ್ಟು ತೂಗುವ ಕಬ್ಬಿಣದ ತಗಡುಗಳನ್ನು ಪದರ ಪದರವಾಗಿ ಜೋಡಿಸಿದರು. ಕೆಲವು ಗುರುತುಗಳು ಕಂಡವೆಂದು ಹೇಳಿದರಾದರೂ ಬೇರೆ ದೇಶಗಳ ಯಂತ್ರಗಳಲ್ಲಿ ಅದು ಸ್ಥಿರಪಡಲಿಲ್ಲ.

ಇಳಿಯುವ ತೊಟ್ಟಿಲು, ಉಸಿರಾಡುವ ಗಾಳಿ, ನೀರೆತ್ತುವ ಪಂಪು, ಎಲ್ಲವೂ ಗಣಿಯದೇ. ಚಿನ್ನ ಕಡಿಮೆಯಾಗಿ ಗಣಿಗೆ ನಷ್ಟ ಹೆಚ್ಚಿತು. 1990ರ ದಶಕದ ಮೊದಲಲ್ಲಿ ಪ್ರಯೋಗಗಳು ನಿಂತವು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಚಿನ್ನದ ಲೆಕ್ಕದಲ್ಲಿ ಅದು ಸರಿಯಿರಬಹುದು. ಆ ಸೂರಿನ ಬೆಲೆ ಮಾತ್ರ ಲೆಕ್ಕಕ್ಕೆ ಬರಲಿಲ್ಲ. ಪಂಪುಗಳು ನಿಂತ ಮೇಲೆ ಆಳದ ಸುರಂಗಗಳಲ್ಲಿ ನೀರು ತುಂಬಿಕೊಂಡಿತು.