ಇಲ್ಲದ ಕಡೆ ಮೊದಲು ನೋಡು

ಮಗಳೇ,

ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ಜೀವರಸಾಯನಶಾಸ್ತ್ರ ಓದಿ ಮುಗಿಸಿದೆ. ಈಗ ಬೆಂಗಳೂರಿನ ಮಿದುಳು ಸಂಶೋಧನೆಯ ಲ್ಯಾಬಿಗೆ ಹೊರಟಿದ್ದೀಯ. ಆನಗೋಡಿನ ಹೆಣ್ಣುಮಗಳೊಬ್ಬಳು ಈ ಕೆಲಸಕ್ಕೆ ಕೈ ಹಾಕುತ್ತಿದ್ದಾಳೆ ಅಂದರೆ ನನಗೆ ಹೆಮ್ಮೆ. ಅಂಥ ಲ್ಯಾಬುಗಳಲ್ಲೇ ದುಡಿದು ಊರಿಗೆ ಮರಳಿದ ನಿನ್ನ ದೊಡ್ಡಪ್ಪನಿಗೆ ನಿನ್ನೊಡನೆ ಒಂದು ಮಾತು ಹೇಳುವುದಿದೆ. ಅಲ್ಲಿ ನಿನ್ನ ಕೈಗೆ ಒಂದು ಸಣ್ಣ ಟ್ಯೂಬ್ ಬರುತ್ತದೆ. ಮೇಲೆ ‘ಆಂಟಿ-ಪಿಎಸ್‌ಡಿ-95’ ಎಂದು ಬರೆದಿರುತ್ತದೆ. ಆ ಬರಹವನ್ನೇ ಪ್ರಮಾಣವೆಂದು ಹಿಡಿಯಬೇಡ.

ಆ ಟ್ಯೂಬಿನಲ್ಲಿರುವ ಆಂಟಿಬಾಡಿ ಹುಡುಕುವುದು ಏನನ್ನು ಎಂಬುದನ್ನು ಮೊದಲು ತಿಳಿ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಜಾಗ ಸಿನಾಪ್ಸ್. ಸುದ್ದಿ ಪಡೆಯುವ ಬದಿಯಲ್ಲಿ, ಪೊರೆಯ ಒಳಮೈಗೆ ಒತ್ತಿಕೊಂಡು ಪ್ರೋಟೀನುಗಳ ದಟ್ಟ ಪದರ ಇರುತ್ತದೆ. ಗ್ಲುಟಮೇಟ್ ಗ್ರಾಹಕಗಳನ್ನೂ ಅವುಗಳ ಜೊತೆ ಕೆಲಸ ಮಾಡುವ ಕಿಣ್ವಗಳನ್ನೂ ಅಲ್ಲಿ ಒಂದೆಡೆ ಹಿಡಿದಿಡುವಂಥವು ಸ್ಕ್ಯಾಫೋಲ್ಡ್ ಪ್ರೋಟೀನುಗಳು. ಪಿಎಸ್‌ಡಿ-95 ಅವುಗಳಲ್ಲಿ ಮುಖ್ಯವಾದದ್ದು. 1992ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಮೇರಿ ಕೆನಡಿ ಅವರ ತಂಡ ಇದನ್ನು ಗುರುತಿಸಿ ವಿವರಿಸಿತು. ಹೆಸರಿನಲ್ಲಿರುವ 95 ಜೆಲ್‌ನಲ್ಲಿ ಕಾಣುವ ಅದರ ತೂಕ, ಕಿಲೋಡಾಲ್ಟನ್ ಲೆಕ್ಕದಲ್ಲಿ.

ಈ ಪದರದಲ್ಲಿ ಏರುಪೇರಾದರೆ ಅದರ ನೋವು ಮನೆಗಳಿಗೆ ತಟ್ಟುತ್ತದೆ. ಶ್ಯಾಂಕ್-3 ಎಂಬ ಇನ್ನೊಂದು ಸ್ಕ್ಯಾಫೋಲ್ಡಿನ ಜೀನ್ ಕೆಟ್ಟರೆ ಮಗುವಿಗೆ ಮಾತು ತಡವಾಗಬಹುದು, ಆಟಿಸಂ ಬರಬಹುದು. ಪಿಎಸ್‌ಡಿ-95ಕ್ಕೆ ಅಂಟಿಕೊಂಡಿರುವ ಸಿನ್‌ಗ್ಯಾಪ್ ಎಂಬ ಪ್ರೋಟೀನಿನಲ್ಲಿ ದೋಷವಿದ್ದರೆ ಬುದ್ಧಿಯ ಬೆಳವಣಿಗೆ ಕುಂಠಿತವಾಗುತ್ತದೆ, ಹಲವು ಮಕ್ಕಳಿಗೆ ಮೂರ್ಛೆಯೂ ಬರುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಈ ಸಿನ್‌ಗ್ಯಾಪ್ ಮೇಲೆ ಕೆಲಸ ನಡೆಯುತ್ತಿದೆ. ಬ್ಲಾಟ್ ಪರೀಕ್ಷೆಯಲ್ಲಿ ಆಂಟಿಬಾಡಿ ಪ್ರೋಟೀನನ್ನು ಹಿಡಿದ ಕಡೆ ಫಿಲ್ಮಿನ ಮೇಲೆ ಒಂದು ಕಪ್ಪು ಗೆರೆ ಮೂಡುತ್ತದೆ. ನೀನು ನೋಡುವ ಆ ಗೆರೆಯನ್ನು ನಂಬಿ ಯಾರೋ ಮುಂದೆ ಔಷಧಿ ಹುಡುಕುತ್ತಾರೆ. ಗೆರೆ ತಪ್ಪಾದರೆ ಅವರ ವರ್ಷಗಳೆಲ್ಲ ತಪ್ಪು ದಾರಿಯಲ್ಲಿ ಕಳೆಯುತ್ತವೆ.

ಗೆರೆ ತಪ್ಪುವುದು ಸುಲಭ. ಪಿಎಸ್‌ಡಿ-95ಕ್ಕೆ ಒಡಹುಟ್ಟಿದವು ಮೂರಿವೆ: ಪಿಎಸ್‌ಡಿ-93, ಎಸ್‌ಎಪಿ-97, ಎಸ್‌ಎಪಿ-102. ಮೈಕಟ್ಟು ಒಂದೇ ತರಹದ್ದು, ತೂಕದಲ್ಲೂ ಕೆಲವು ಹತ್ತಿರ ಹತ್ತಿರ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ನ್ಯೂರೋಮ್ಯಾಬ್ ಕೇಂದ್ರದಿಂದ ಬಂದ ಎರಡು ಆಂಟಿಬಾಡಿಗಳನ್ನು ನೋಡು. ಕೆ28/43 ಎಂಬುದು ಪಿಎಸ್‌ಡಿ-95 ಒಂದನ್ನೇ ಹಿಡಿಯುತ್ತದೆ. ಕೆ28/86 ನಾಲ್ಕನ್ನೂ ಹಿಡಿಯುತ್ತದೆ. ಟ್ಯೂಬಿನ ಮೇಲೆ ಓರೆಗೆರೆಯ ಆಚೆಯ ಎರಡು ಅಂಕಿ ಓದದೆ ಹೋದರೆ ನಿನ್ನ ಪ್ರಯೋಗದ ಅರ್ಥವೇ ಬೇರೆಯಾಗುತ್ತದೆ. ಎರಡೂ ಒಳ್ಳೆಯ ಆಂಟಿಬಾಡಿಗಳೇ. ಯಾವ ಪ್ರಶ್ನೆಗೆ ಯಾವುದು ಬೇಕು ಎಂಬುದನ್ನು ನಿರ್ಧರಿಸಬೇಕಾದವಳು ನೀನು.

ನಮ್ಮೂರಲ್ಲಿ ಮೆಕ್ಕೆಜೋಳ ಬಿತ್ತುವ ತಿಳಿದ ರೈತ ಚೀಲದ ಮೇಲಿನ ಅಚ್ಚನ್ನು ಓದುತ್ತಾನೆ, ಆದರೂ ಒಂದು ಹಿಡಿ ಬೀಜವನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ನೋಡಿಯೇ ಹೊಲಕ್ಕಿಳಿಯುತ್ತಾನೆ. ಆಂಟಿಬಾಡಿಗೂ ಅಂಥ ಪರೀಕ್ಷೆ ಇದೆ. ಪ್ರೋಟೀನ್ ಇರುವ ಕಡೆ ಗೆರೆ ಬಂದರೆ ಅರ್ಧ ಉತ್ತರ ಮಾತ್ರ ಸಿಕ್ಕಿತು. ಪ್ರೋಟೀನ್ ಇಲ್ಲದ ಕಡೆ ಗೆರೆ ಬರಬಾರದು, ಅದು ಉಳಿದರ್ಧ. ಆ ಜೀನನ್ನೇ ತೆಗೆದ ಇಲಿಯ ಮಿದುಳಿನ ಮಾದರಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ಕಂಟ್ರೋಲ್ ಇಲ್ಲ. ಸಿಗದಿದ್ದರೆ ನಾಲ್ಕು ಪ್ರೋಟೀನುಗಳನ್ನು ಬೇರೆ ಬೇರೆ ಕೋಶಗಳಲ್ಲಿ ತಯಾರಿಸಿ, ಪಕ್ಕಪಕ್ಕದಲ್ಲಿ ಓಡಿಸಿ ನೋಡು. ಮಿದುಳಿನ ತೆಳು ಸೀಳುಗಳಲ್ಲಿ, ಅಂದರೆ ಸೆಕ್ಷನ್ನುಗಳಲ್ಲಿ, ಪ್ರೋಟೀನನ್ನು ಹಿಡಿಯುವ ಪ್ರೈಮರಿ ಆಂಟಿಬಾಡಿ ಹಾಕದೆ, ಅದನ್ನು ತೋರಿಸುವ ಸೆಕೆಂಡರಿಯನ್ನು ಮಾತ್ರ ಹಾಕಿದ ಒಂದು ಯಾವಾಗಲೂ ಇರಲಿ. ಇದಕ್ಕೆ ಸಮಯ ಹಿಡಿಯುತ್ತದೆ, ನೂರು ಮೈಕ್ರೋಲೀಟರಿಗೆ ಹತ್ತಾರು ಸಾವಿರ ರೂಪಾಯಿಯ ಆಂಟಿಬಾಡಿಯೂ ಖರ್ಚಾಗುತ್ತದೆ. ಆದರೂ ಮಾಡು. ಈ ಪರೀಕ್ಷೆ ಬಿಟ್ಟು ಪಡೆದ ಗೆರೆಗೆ ಬೆಲೆಯಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಸೂಕ್ಷ್ಮ. ನರಕೋಶದ ಚಟುವಟಿಕೆಗೆ ತಡೆ ಹಾಕುವ ಸಿನಾಪ್ಸುಗಳಲ್ಲಿ ಗೆಫಿರಿನ್ ಎಂಬ ಸ್ಕ್ಯಾಫೋಲ್ಡ್ ಇದೆ. 1980ರ ದಶಕದಿಂದ ಅದನ್ನು ಗುರುತಿಸಲು ಎಂಎಬಿ7ಎ ಎಂಬ ಆಂಟಿಬಾಡಿಯನ್ನು ಜಗತ್ತೆಲ್ಲ ಬಳಸಿತು. 2012ರಲ್ಲಿ ಗೊತ್ತಾಯಿತು, ಅದು ಹಿಡಿಯುವುದು 270ನೇ ಸೆರಿನ್‌ಗೆ ಫಾಸ್ಫೇಟ್ ಸೇರಿಕೊಂಡ ಗೆಫಿರಿನ್ನನ್ನು. ಅಂದರೆ ಸೆಕ್ಷನ್ನಿನಲ್ಲಿ ಆ ಆಂಟಿಬಾಡಿಯ ಹೊಳಪು ಕಡಿಮೆಯಾದಾಗ ಗೆಫಿರಿನ್ ಕಡಿಮೆಯಾಯಿತೋ, ಅದರ ಫಾಸ್ಫೇಟ್ ಮಾತ್ರ ಕಳಚಿತೋ ಎಂದು ಮತ್ತೆ ಕೇಳಬೇಕಾಯಿತು. ಆಂಟಿಬಾಡಿ ಇಡೀ ಪ್ರೋಟೀನನ್ನು ನೋಡುವುದಿಲ್ಲ. ಅದರ ಮೈಮೇಲಿನ ಒಂದು ಚೂರನ್ನು ನೋಡುತ್ತದೆ. ಆ ಚೂರು ಯಾವುದು, ಅದು ಯಾವಾಗ ಮುಚ್ಚಿಕೊಳ್ಳುತ್ತದೆ ಎಂಬುದನ್ನು ತಿಳಿಯದೆ ‘ಇದೆ’, ‘ಇಲ್ಲ’ ಎನ್ನಬೇಡ.

ಪಿಎಸ್‌ಡಿ-95ರಲ್ಲೂ ಇದೇ ತೊಡಕು. ಫಾರ್ಮಾಲಿನ್ ಬಗೆಯ ದ್ರಾವಣದಲ್ಲಿ ಮಿದುಳನ್ನು ಗಟ್ಟಿಯಾಗಿ ಫಿಕ್ಸ್ ಮಾಡಿದರೆ, ಒತ್ತಾಗಿ ಹೆಣೆದ ಆ ಪದರದೊಳಕ್ಕೆ ಆಂಟಿಬಾಡಿ ಇಳಿಯುವುದು ಕಷ್ಟ. ಅದಕ್ಕೇ ಕೆಲವರು ಪೆಪ್ಸಿನ್ ಕಿಣ್ವದಿಂದ ಸೆಕ್ಷನ್ನನ್ನು ಸ್ವಲ್ಪ ಸಡಿಲಿಸುತ್ತಾರೆ, ಕೆಲವರು ಫಿಕ್ಸ್ ಮಾಡುವ ಹೊತ್ತನ್ನು ಕಡಿಮೆ ಮಾಡುತ್ತಾರೆ. ಬ್ಲಾಟಿನಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಸೆಕ್ಷನ್ನಿನಲ್ಲೂ ಮಾಡುತ್ತದೆ ಎಂಬ ಖಾತ್ರಿಯಿಲ್ಲ. ಎರಡನ್ನೂ ಬೇರೆ ಬೇರೆ ಪರೀಕ್ಷಿಸು.

ಮನುಷ್ಯನ ಮಿದುಳು ಕೈಗೆ ಬಂದಾಗ ಎಚ್ಚರ ಇನ್ನೂ ಹೆಚ್ಚಿರಲಿ. ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ, ಡಾ. ಎಸ್.ಕೆ. ಶಂಕರ್ ಅವರು ಕಟ್ಟಿ ಬೆಳೆಸಿದ್ದು. ಮನೆಯವರನ್ನು ಕಳೆದುಕೊಂಡ ದುಃಖದ ಗಳಿಗೆಯಲ್ಲೇ ಕುಟುಂಬಗಳು ಒಪ್ಪಿಗೆ ಕೊಟ್ಟಿದ್ದರಿಂದ ಅಲ್ಲಿ ಆ ಮಾದರಿಗಳಿವೆ. ಸಾವಿನಿಂದ ಶೈತ್ಯಕ್ಕೆ ಹೋಗುವವರೆಗೆ ಎಷ್ಟು ಗಂಟೆಯಾಯಿತು ಎಂಬುದನ್ನು ಕೇಳಿ ಬರೆದುಕೋ, ಏಕೆಂದರೆ ಫಾಸ್ಫೇಟುಗಳು ಆ ಹೊತ್ತಿನಲ್ಲೇ ಕಳಚಿಹೋಗಬಹುದು. ಕಂಟ್ರೋಲ್ ಇಲ್ಲದೆ ಒಂದು ಸೆಕ್ಷನ್ ಹಾಳುಮಾಡಿದರೆ ಆ ಕುಟುಂಬದ ದಾನಕ್ಕೆ ನಾವು ಅಪಚಾರ ಮಾಡಿದಂತೆ. ಪ್ರಯೋಗಕ್ಕೆ ಜೀವ ಕೊಟ್ಟ ಇಲಿಯ ವಿಷಯದಲ್ಲೂ ಈ ಮಾತು ಮರೆಯಬೇಡ.

ಕೈಕೆಲಸದ ಶಿಸ್ತು ಕೆಲವು ಮಾತಿನಲ್ಲಿ ಹೇಳುತ್ತೇನೆ. ಆಂಟಿಬಾಡಿ ಬಂದ ದಿನವೇ ಅದನ್ನು ಸಣ್ಣ ಪಾಲುಗಳಾಗಿ (ಅಲಿಕ್ವಾಟ್) ಹಂಚಿಡು, ಮತ್ತೆ ಮತ್ತೆ ಹೆಪ್ಪುಗಟ್ಟಿಸಿ ಕರಗಿಸಬೇಡ. ಬ್ಲಾಟಿಗೆ ಎಚ್‌ಆರ್‌ಪಿ ಕಿಣ್ವ ಬಳಸುವಾಗ ಬಫರಿನಲ್ಲಿ ಸೋಡಿಯಂ ಅಜೈಡ್ ಇರದಂತೆ ನೋಡಿಕೋ, ಅದು ಕಿಣ್ವವನ್ನೇ ಕಟ್ಟಿಹಾಕುತ್ತದೆ. ಕ್ಲೋನ್, ಲಾಟ್ ನಂಬರ್, ಎಷ್ಟಕ್ಕೆ ತೆಳುಮಾಡಿದೆ, ಎಷ್ಟು ಹೊತ್ತು ಇಟ್ಟೆ, ಎಲ್ಲವೂ ನೋಟ್‌ಬುಕ್ಕಿನಲ್ಲಿ ಅದೇ ದಿನ ಬರಲಿ. 2015ರಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಸಹಿ ಹಾಕಿ, ಆಂಟಿಬಾಡಿಗಳನ್ನು ಅವುಗಳ ಅನುಕ್ರಮದ ಮೂಲಕವೇ ಗುರುತಿಸಬೇಕೆಂದು ಕೇಳಿದರು. ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಗುಣದ ಮಾಲು ಬರುತ್ತಿದ್ದುದು ಅದಕ್ಕೆ ಕಾರಣ.

ಕೊನೆಯದು ಧೈರ್ಯದ ಮಾತು, ನಮ್ಮ ಕಡೆಯ ಮಕ್ಕಳಿಗೆ ಇದನ್ನು ಒತ್ತಿ ಹೇಳಬೇಕು. ದೊಡ್ಡವರ ಮುಂದೆ ಎದುರಾಡಬಾರದು ಎಂದು ಕಲಿತು ಬೆಳೆದವರು ನಾವು. ಆದರೆ ಜೀನ್ ತೆಗೆದ ಇಲಿಯಲ್ಲೂ ಗೆರೆ ಕಂಡರೆ ಅದೇ ದಿನ ಹೋಗಿ ಹೇಳು: “ಸರ್, ಇಲ್ಲಿ ಬರಬಾರದಿತ್ತು, ಬಂದಿದೆ.” ಗೈಡ್‌ಗೆ ಬೇಸರವಾಗಬಹುದು, ಪ್ರಬಂಧ ಆರು ತಿಂಗಳು ಹಿಂದೆ ಬೀಳಬಹುದು. ಆದರೂ ಹೇಳು. ನಿನ್ನ ನಂತರ ಬರುವ ಹುಡುಗ ಹುಡುಗಿಯರಿಗೂ ಯಾವ ಲಾಟ್ ಕೈಕೊಟ್ಟಿತು ಎಂಬುದನ್ನು ಮುಚ್ಚಿಡದೆ ತಿಳಿಸು. ಗೌರವದಿಂದ, ಬ್ಲಾಟನ್ನು ಕೈಯಲ್ಲಿ ಹಿಡಿದು ಹೇಳಿದ ಸತ್ಯ ಎದುರುತ್ತರವಾಗುವುದಿಲ್ಲ. ನಿನ್ನನ್ನು ಆ ಲ್ಯಾಬಿಗೆ ಕರೆಸಿಕೊಂಡಿರುವುದು ಆ ಕೆಲಸಕ್ಕೇ.

ನಿನ್ನ ದೊಡ್ಡಪ್ಪ
ಆನಗೋಡು