ದಾರಿಬದಿಯ ಕಲ್ಲುಗಳನ್ನು ಓದುವುದು ಹೇಗೆ?

ಶ್ರೀ ಕ್ಷೇತ್ರಕ್ಕೆ ಬರುವ ಭಕ್ತಾದಿಗಳು ದಾರಿಯುದ್ದಕ್ಕೂ ಎಷ್ಟೋ ಹಳೆಯ ಕಲ್ಲುಗಳನ್ನು ದಾಟಿ ಬರುತ್ತಾರೆ. ಕೆರೆ ಏರಿಯ ಮೇಲೆ, ಊರಬಾಗಿಲ ಹತ್ತಿರ, ಅರಳಿಕಟ್ಟೆಯ ಪಕ್ಕ ಅರ್ಧ ಹೂತುಹೋದ ಕಲ್ಲೊಂದು ನಿಂತಿರುತ್ತದೆ. ಕೆಲವರು ದೇವರೆಂದು ಕುಂಕುಮ ಹಚ್ಚುತ್ತಾರೆ, ಕೆಲವರು ಅದಕ್ಕೇ ಎಮ್ಮೆ ಕಟ್ಟುತ್ತಾರೆ. ಅದು ಯಾರ ಕಲ್ಲು, ಯಾಕೆ ನಿಲ್ಲಿಸಿದರು ಅಂತ ಕೇಳುವವರು ಕಮ್ಮಿ. ಹಳಗನ್ನಡ ಲಿಪಿ ಓದಲು ಬಾರದಿದ್ದರೂ ಚಿತ್ರ ನೋಡಿಯೇ ಕಲ್ಲಿನ ಬಗೆಯನ್ನು ಹೇಳಬಹುದು. ಭಕ್ತಾದಿಗಳ ತಿಳಿವಳಿಕೆಗಾಗಿ ಕೆಲವು ಗುರುತುಗಳನ್ನು ಇಲ್ಲಿ ಕೊಟ್ಟಿದೆ.

೧. ವೀರಗಲ್ಲು

ಊರಿನ ದನಗಳನ್ನು ಶತ್ರುಗಳು ಹೊಡೆದುಕೊಂಡು ಹೋಗುವಾಗ ತಡೆದು ಸತ್ತವನಿಗೆ, ಹೆಂಗಸರ ಮಾನ ಕಾಯಲು ಹೋರಾಡಿ ಮಡಿದವನಿಗೆ, ಯುದ್ಧದಲ್ಲಿ ಬಿದ್ದವನಿಗೆ ನಿಲ್ಲಿಸಿದ ಕಲ್ಲು ಇದು. ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಇದನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸದಲ್ಲಿ ಶಿವಲಿಂಗದ ಮುಂದೆ ಕೈಮುಗಿದು ಕುಳಿತ ವೀರ. ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಡುತ್ತಿದ್ದರು. ಅದಕ್ಕೆ ನೆತ್ತರುಕೊಡಗೆ ಅಂತ ಹೆಸರು.

ಬೆಂಗಳೂರಿನ ಹತ್ತಿರ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ೯ನೇ ಶತಮಾನದ ಕೊನೆಯ ಹೊತ್ತಿನ ಒಂದು ವೀರಗಲ್ಲಿದೆ. ಅದರಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಕೆಂಪೇಗೌಡರು ಪೇಟೆ ಕಟ್ಟುವುದಕ್ಕೆ ಆರುನೂರು ವರ್ಷಕ್ಕೂ ಮುಂಚೆಯೇ ಆ ಹೆಸರಿತ್ತು ಅನ್ನುವುದು ಒಂದು ಕಲ್ಲಿನಿಂದ ತಿಳಿಯಿತು ನೋಡಿ.

ಮನುಷ್ಯರಿಗಷ್ಟೇ ಅಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸುಮಾರು ಕ್ರಿ.ಶ. ೯೫೦ರಲ್ಲಿ ಒಂದು ನಾಯಿಗೂ ಕಲ್ಲು ನಿಲ್ಲಿಸಿದರು. ಮಣಲೇರನೆಂಬ ವೀರನ ಕಾಳಿ ಎಂಬ ನಾಯಿ ಕಾಡುಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟು, ಪೂಜೆ ಮಾಡದೆ ಊಟ ಮಾಡಿದ ಪೂಜಾರಿಗೆ ನಾಯಿಯ ಪಾಪ ತಗಲುತ್ತದೆ ಎಂದು ಬರೆಸಿದ್ದಾರೆ. ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

೨. ಮಾಸ್ತಿಕಲ್ಲು

ಒಂದು ಕಂಬ, ಅದರಿಂದ ಹೊರಟ ಬಳೆ ತೊಟ್ಟ ಕೈ, ಕೈಯಲ್ಲಿ ನಿಂಬೆಹಣ್ಣು ಇದ್ದರೆ ಅದು ಗಂಡನೊಂದಿಗೆ ಚಿತೆಯೇರಿದ ಹೆಂಗಸಿನ ಕಲ್ಲು. ಹಳ್ಳಿಗಳಲ್ಲಿ ಮಾಸ್ತಮ್ಮ ಎಂದು ಪೂಜಿಸುತ್ತಾರೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ ಕ್ರಿ.ಶ. ೧೦೫೭ರ ಶಾಸನ ದೇಕಬ್ಬೆ ಎಂಬಾಕೆಯ ಕಥೆ ಹೇಳುತ್ತದೆ. ಗಂಡನಿಗೆ ತಲಕಾಡಿನಲ್ಲಿ ಮರಣದಂಡನೆಯಾದ ಸುದ್ದಿ ಕೇಳಿ, ಹೆತ್ತವರು ಬೇಡ ಬೇಡವೆಂದರೂ ಕೇಳದೆ ಆಕೆ ಬೆಂಕಿಗೆ ಬಿದ್ದಳು. ಆ ಪದ್ಧತಿ ಹೋದದ್ದು ಒಳ್ಳೆಯದೇ ಆಯಿತು. ಆದರೆ ಆ ತಾಯಿಯ ಹೆಸರನ್ನು ಉಳಿಸಿದ್ದು ಕಲ್ಲೇ.

೩. ಗಡಿಕಲ್ಲು

ಬರಹವಿಲ್ಲದ ಗಿಡ್ಡ ಕಲ್ಲಿನ ಮೇಲೆ ಲಿಂಗವಿದ್ದರೆ ಶಿವಾಲಯದ ಭೂಮಿ, ಶಂಖ ಚಕ್ರವಿದ್ದರೆ ವಿಷ್ಣು ದೇವಾಲಯದ್ದು, ಕೊಡೆ ಹಿಡಿದ ವಾಮನನಿದ್ದರೆ ಬ್ರಾಹ್ಮಣರಿಗೆ ಕೊಟ್ಟದ್ದು, ಮುಕ್ಕೊಡೆಯಿದ್ದರೆ ಬಸದಿಯದ್ದು.

೪. ದಾನಶಾಸನ ಮತ್ತು ಒಪ್ಪಂದ

ಕಲ್ಲಿನ ತಲೆಯ ಮೇಲಿನ ಸೂರ್ಯ ಚಂದ್ರರಿಗೆ ‘ಅವರಿರುವ ತನಕ ಈ ದಾನ ನಡೆಯಲಿ’ ಎಂದು ಅರ್ಥ. ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ ಬರುತ್ತದೆ ಎಂಬ ಶಾಪ ಕೊನೆಯಲ್ಲಿ ಇರುವುದುಂಟು.

ಜಗಳ ಬಿಡಿಸಿದ ಕಲ್ಲೂ ಇದೆ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ ಕ್ರಿ.ಶ. ೧೩೬೮ರ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದು ಜೈನರು ವಿಜಯನಗರದ ಬುಕ್ಕರಾಯನಿಗೆ ದೂರು ಕೊಟ್ಟರು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ ರಾಜನು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿ ಇಟ್ಟನು. ಜೈನರ ಮನೆಗೆ ವರ್ಷಕ್ಕೆ ಒಂದು ಹಣದಂತೆ ಸಂಗ್ರಹಿಸಿ ಬೆಳಗೊಳದ ದೇವರ ರಕ್ಷಣೆಗೆ ೨೦ ಜನ ಕಾವಲುಗಾರರನ್ನು ಇಡಬೇಕು, ಮಿಕ್ಕ ಹಣದಲ್ಲಿ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂದು ತೀರ್ಮಾನವಾಯಿತು. ಈ ಜವಾಬ್ದಾರಿ ಹೊತ್ತವರು ತಿರುಮಲೆಯ ತಾತಯ್ಯನವರು. ಒಂದು ಮತದವರ ಗುಡಿಯನ್ನು ಇನ್ನೊಂದು ಮತದವರು ಕಾಯಬೇಕು ಅನ್ನುವ ಮಾತು ಕಾಗದದಲ್ಲಿದ್ದಿದ್ದರೆ ಇಷ್ಟು ಕಾಲ ಉಳಿಯುತ್ತಿತ್ತೇ?

ಭಕ್ತಾದಿಗಳಲ್ಲಿ ವಿನಂತಿ

ರಸ್ತೆ ಅಗಲ ಮಾಡುವಾಗ, ಚರಂಡಿ ತೆಗೆಯುವಾಗ ಇಂಥ ಕಲ್ಲುಗಳು ಮಣ್ಣುಪಾಲಾಗುತ್ತವೆ. ಸೂರ್ಯ ಚಂದ್ರರ ಗುರುತು ಕಂಡು ನಿಧಿ ಇದೆ ಅಂತ ಅಗೆದು ಒಡೆಯುವವರೂ ಇದ್ದಾರೆ. ಅದು ನಿಧಿಯ ಗುರುತಲ್ಲ. ನಿಧಿ ಅಂದರೆ ಆ ಬರಹವೇ. ಆದ್ದರಿಂದ:

• ಕಲ್ಲಿಗೆ ಪೇಂಟು, ಸುಣ್ಣ ಬಳಿಯಬೇಡಿ. ಎಣ್ಣೆ ಸುರಿಯಬೇಡಿ. ಅಕ್ಷರ ಮುಚ್ಚಿಹೋಗುತ್ತವೆ. ಒಂದು ಹೂವಿಟ್ಟು ಕೈಮುಗಿದರೆ ಸಾಕು.
• ಕಲ್ಲಿನ ಮೇಲೆ ನಿಮ್ಮ ಹೆಸರು ಕೆತ್ತಬೇಡಿ.
• ಬಿದ್ದ ಕಲ್ಲು ಕಂಡರೆ ಅಲ್ಲಿಯೇ ಬಿಟ್ಟು ಗ್ರಾಮ ಪಂಚಾಯಿತಿಗೋ ತಾಲ್ಲೂಕು ಕಚೇರಿಗೋ ಪುರಾತತ್ವ ಇಲಾಖೆಗೋ ತಿಳಿಸಿ.
• ಊರಿನ ಹಿರಿಯರನ್ನು ಕೇಳಿ ಕಲ್ಲಿನ ಕಥೆಯನ್ನು ಮಕ್ಕಳಿಗೆ ಹೇಳಿ.

ದರ್ಶನ ಮುಗಿಸಿ ಊರಿಗೆ ಹೋದ ಮೇಲೆ ನಿಮ್ಮ ಊರ ಬಾಗಿಲಲ್ಲಿರುವ ಕಲ್ಲನ್ನೂ ಒಮ್ಮೆ ನಿಂತು ನೋಡಿ. ಊರಿಗಾಗಿ ಪ್ರಾಣ ಕೊಟ್ಟ ನಿಮ್ಮ ಹಿರಿಯರೊಬ್ಬರು ಅಲ್ಲಿ ನಿಂತಿರಬಹುದು.

ಸರ್ವೇ ಜನಾಃ ಸುಖಿನೋ ಭವಂತು.